ಫೇವರ್ ಲೂಬಾ: ಮುಂಬೈ ದಾರಿಯಲ್ಲಿ ಬಂದ ಸ್ವಿಸ್ ಗಡಿಯಾರ ಮತ್ತೆ ಭಾರತೀಯರ ಕೈಗೆ

ಹುಮನಾಬಾದ್: ಸ್ವಿಟ್ಜರ್ಲೆಂಡಿನ ಅತಿ ಹಳೆಯ ಗಡಿಯಾರ ಹೆಸರುಗಳಲ್ಲೊಂದಾದ ಫಾವ್ರ್-ಲೂಬಾ 2024ರ ಆಗಸ್ಟ್ ಅಂತ್ಯದಲ್ಲಿ ಜಿನೀವಾದ ಗಡಿಯಾರ ಮೇಳದಲ್ಲಿ ಚೀಫ್, ಡೀಪ್ ಬ್ಲೂ ಹಾಗೂ ಸೀ ಸ್ಕೈ ಎಂಬ ಮೂರು ಸರಣಿಗಳೊಂದಿಗೆ ಮಾರುಕಟ್ಟೆಗೆ ಮರಳಿತು. ಭಾರತದಲ್ಲಿ 'ಫೇವರ್ ಲೂಬಾ' ಎಂದೇ ಪರಿಚಿತವಾದ ಈ ಸಂಸ್ಥೆಯ ಒಡೆತನ ಇಂದು ಭಾರತೀಯ ಕಂಪನಿಯೊಂದರದು ಎಂಬುದು ಗಮನಾರ್ಹ. ಅದಕ್ಕೂ ಮುನ್ನ ಒಂದು ದಶಕಕ್ಕೂ ಹೆಚ್ಚು ಕಾಲ ಇದು ಬೆಂಗಳೂರಿನಲ್ಲಿ ಆಡಳಿತ ಕಚೇರಿ ಹೊಂದಿರುವ ಟೈಟನ್ ಸಂಸ್ಥೆಯ ವಶದಲ್ಲಿತ್ತು.

ಹುಮನಾಬಾದ್, ಬಸವಕಲ್ಯಾಣದಂಥ ಗಡಿ ಭಾಗದ ಊರುಗಳ ಗ್ರಾಹಕರಿಗೆ ಈ ಸುದ್ದಿಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಹೊಸ ಸ್ವಿಸ್ ಗಡಿಯಾರಕ್ಕೆ ಹಣ ತೆರುವಾಗ ಏನನ್ನು ನೋಡಬೇಕು ಎಂಬುದು ಒಂದು. ಅಲಮಾರಿಯಲ್ಲಿ ಹಿರಿಯರ ಕಾಲದ ಸೀ ಕಿಂಗ್ ಅಥವಾ ಸೀ ಚೀಫ್ ನಿಂತುಹೋಗಿದ್ದರೆ ಅದನ್ನು ಏನು ಮಾಡಬೇಕು ಎಂಬುದು ಇನ್ನೊಂದು.

ಲ ಲಾಕ್ಲ್‌ನಿಂದ ಮುಂಬೈಗೆ

ಸ್ವಿಟ್ಜರ್ಲೆಂಡಿನ ಲ ಲಾಕ್ಲ್ ಪಟ್ಟಣದಲ್ಲಿ ಅಬ್ರಹಾಂ ಫಾವ್ರ್ ಎಂಬ ಗಡಿಯಾರ ತಯಾರಕನ ಹೆಸರು ದಾಖಲೆಗಳಲ್ಲಿ ಕಾಣಿಸುವುದು 1737ರಲ್ಲಿ. ಈ ಲೆಕ್ಕದಲ್ಲಿ 1735ರ ಬ್ಲಾಂಪೈನ್ ಬಿಟ್ಟರೆ ಇದೇ ಹಳೆಯ ಸ್ವಿಸ್ ಹೆಸರು ಎಂದು ಪರಿಗಣಿಸಲಾಗುತ್ತದೆ. 1815ರಲ್ಲಿ ಫಾವ್ರ್ ಮನೆತನದೊಂದಿಗೆ ಆಗಸ್ಟ್ ಲೂಬಾ ಎಂಬ ವ್ಯಾಪಾರಿ ಪಾಲುದಾರನಾದ ಬಳಿಕ ಜೋಡಿ ಹೆಸರು ಬಂದಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಸಂಸ್ಥೆ ಅಂದಿನ ಬೊಂಬಾಯಿಯಲ್ಲಿ ನೆಲೆಯೂರಿತು. ವೆಸ್ಟ್ ಎಂಡ್ ವಾಚ್ ಕಂಪನಿಯಂತೆಯೇ ಫೇವರ್ ಲೂಬಾ ಕೂಡ ದೇಶದ ಒಳನಾಡಿನವರೆಗೆ ಹೆಸರು ಮಾಡಿತು. 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ ಬೀದರ್ ಸೀಮೆಗೆ ಮುಂಬೈ ಮತ್ತು ಹೈದರಾಬಾದ್ ಪೇಟೆಗಳೇ ಹತ್ತಿರ. ಹುಮನಾಬಾದ್ ಇರುವುದೂ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲೆ.

1960ರ ದಶಕ ಸಂಸ್ಥೆಯ ಪಾಲಿಗೆ ಸುವರ್ಣ ಕಾಲ. 1962ರ ಬಿವಾಕ್ ಗಾಳಿಯ ಒತ್ತಡ ಅಳೆದು ಎತ್ತರ ತಿಳಿಸುವ ಕೈಗಡಿಯಾರವಾಗಿತ್ತು. ನೀರೊಳಗೆ ಇಳಿಯುವವರಿಗಾಗಿ 1964ರಲ್ಲಿ ಡೀಪ್ ಬ್ಲೂ ಬಂದಿತು. ಅದೇ ದಶಕದ ಉತ್ತರಾರ್ಧದಲ್ಲಿ ನೀರಿನ ಆಳವನ್ನೇ ಮುಳ್ಳಿನಿಂದ ತೋರಿಸುವ ಬ್ಯಾಥಿ ತಯಾರಾಯಿತು. ಆದರೆ ಭಾರತದಲ್ಲಿ ಮನೆಮಾತಾದುದು ಇವಾವುವೂ ಅಲ್ಲ. ಚಾವಿ ಕೊಟ್ಟು ನಡೆಸುವ ಸರಳ ಸೀ ಕಿಂಗ್ ಮತ್ತು ಸೀ ಚೀಫ್.

ಎಚ್‌ಎಂಟಿ ಮತ್ತು ಕ್ವಾರ್ಟ್ಜ್ ಹೊಡೆತ

ಸ್ವಾತಂತ್ರ್ಯಾನಂತರ ಆಮದಿಗೆ ಬಿದ್ದ ನಿರ್ಬಂಧಗಳು ಸ್ವಿಸ್ ಗಡಿಯಾರಗಳ ದಾರಿಯನ್ನು ಕಿರಿದಾಗಿಸಿದವು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾಯಿತು. 1978ರಲ್ಲಿ ತುಮಕೂರಿನಲ್ಲಿ ಮತ್ತೊಂದು ಘಟಕ ತಲೆಯೆತ್ತಿತು. ಜನತಾ, ಪೈಲಟ್, ಕಾಂಚನ್ ಗಡಿಯಾರಗಳು ಮದುವೆಯ ಉಡುಗೊರೆಗಳಾದವು.

1969ರ ಡಿಸೆಂಬರ್‌ನಲ್ಲಿ ಜಪಾನಿನ ಸೈಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಬ್ಯಾಟರಿಯಿಂದ ನಡೆಯುವ, ಅಗ್ಗದ, ಹೆಚ್ಚು ನಿಖರವಾದ ಈ ಯಂತ್ರದ ಎದುರು ಅನೇಕ ಸ್ವಿಸ್ ಸಂಸ್ಥೆಗಳು ನೆಲಕಚ್ಚಿದವು. ಫೇವರ್ ಲೂಬಾ ಮನೆತನ 1980ರ ದಶಕದಲ್ಲಿ ಸಂಸ್ಥೆಯನ್ನು ಕೈಬಿಡಬೇಕಾಯಿತು. ಕ್ವಾರ್ಟ್ಜ್ ಅನ್ನೇ ಬಂಡವಾಳ ಮಾಡಿಕೊಂಡು 1984ರಲ್ಲಿ ಸ್ಥಾಪನೆಯಾದ ಟೈಟನ್, ಹೊಸೂರಿನ ಕಾರ್ಖಾನೆಯಿಂದ ದೇಶದ ಮಾರುಕಟ್ಟೆಯನ್ನು ಗೆದ್ದುಕೊಂಡಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಸಮ್ಮತಿಸಿತು. ಯಾರನ್ನು ಕ್ವಾರ್ಟ್ಜ್ ಮುಳುಗಿಸಿತೋ ಆ ಫೇವರ್ ಲೂಬಾವನ್ನು ಕ್ವಾರ್ಟ್ಜ್‌ನಿಂದ ಬೆಳೆದ ಟೈಟನ್ 2011ರಲ್ಲಿ ಸುಮಾರು 20 ಲಕ್ಷ ಯೂರೋಗೆ ಖರೀದಿಸಿತ್ತು.

ಟೈಟನ್ ಅಡಿಯಲ್ಲಿ 2016ರಿಂದ ರೈಡರ್ ಸರಣಿ ಬಂದಿತು. 9,000 ಮೀಟರ್‌ವರೆಗೆ ಎತ್ತರ ತೋರಿಸುವ ರೈಡರ್ ಬಿವಾಕ್ 9000 ಅದರಲ್ಲಿ ಗಮನ ಸೆಳೆದರೂ ಉದ್ಯಮ ಕೈಹಿಡಿಯಲಿಲ್ಲ. 2023ರಲ್ಲಿ ಚಂಡೀಗಡ ಮೂಲದ ಗಡಿಯಾರ ಮಾರಾಟ ಸಂಸ್ಥೆ ಈಥೋಸ್ ತನ್ನ ಸ್ವಿಸ್ ಅಂಗಸಂಸ್ಥೆಯ ಮೂಲಕ ಬ್ರ್ಯಾಂಡ್ ಪಡೆದುಕೊಂಡಿತು. ಈಥೋಸ್‌ನ ಮಾತೃಸಂಸ್ಥೆ ಕೆಡಿಡಿಎಲ್ ಬೆಂಗಳೂರಿನಲ್ಲಿ ಗಡಿಯಾರದ ಮುಳ್ಳುಗಳನ್ನು ತಯಾರಿಸುತ್ತದೆ.

ಹೊಸ ಮಾದರಿಗಳಲ್ಲಿ ಏನಿದೆ?

ಮೂರೂ ಸರಣಿಗಳು ಹಳೆಯ ಹೆಸರುಗಳನ್ನೇ ಹೊತ್ತಿವೆ. ಡೀಪ್ ಬ್ಲೂ ಮುಳುಗುಗಾರರ ಗಡಿಯಾರ. ಸೀ ಸ್ಕೈ ಕಾಲಮಾಪಕ ಸೌಲಭ್ಯವುಳ್ಳದ್ದು. ಚೀಫ್ 1970ರ ದಶಕದ ಕೋನಾಕೃತಿಯ ಕೇಸ್‌ನಿಂದ ಪ್ರೇರಿತ. ಹಲವು ಮಾದರಿಗಳಲ್ಲಿ ಬಳಸಿರುವ ಯಂತ್ರ ಸ್ವಿಟ್ಜರ್ಲೆಂಡಿನ ಲ ಜೂ ಪೆರೆ ಸಂಸ್ಥೆಯದು. ಈ ಸಂಸ್ಥೆ 2012ರಿಂದ ಸಿಟಿಜನ್ ಒಡೆತನದಲ್ಲಿದೆ. ಎಚ್‌ಎಂಟಿಗೆ ವಿದ್ಯೆ ಕಲಿಸಿದ ಕಂಪನಿಯ ನೆರಳು ಹೀಗೆ ಇಲ್ಲಿಯೂ ಇದೆ.

'ಸ್ವಿಸ್ ಮೇಡ್' ಎಂದು ಡಯಲ್ ಮೇಲೆ ಬರೆಯಲು ನಿಯಮವಿದೆ. ಯಂತ್ರ ಸ್ವಿಸ್ ಆಗಿರಬೇಕು, ಜೋಡಣೆ ಹಾಗೂ ಅಂತಿಮ ತಪಾಸಣೆ ಅಲ್ಲಿಯೇ ನಡೆಯಬೇಕು; 2017ರ ಜನವರಿ 1ರಿಂದ ತಯಾರಿಕಾ ವೆಚ್ಚದ ಕನಿಷ್ಠ ಶೇ 60ರಷ್ಟು ಅಲ್ಲಿ ಆಗಿರಬೇಕು. ಅಂದರೆ ಉಳಿದ ಭಾಗಗಳು ಹೊರದೇಶದ್ದಾಗಿರಲು ಅವಕಾಶವಿದೆ, ಅದು ಮೋಸವಲ್ಲ.

ಬೆಲೆಯ ವಿಷಯದಲ್ಲಿ, ಭಾರತ ಮತ್ತು ಸ್ವಿಟ್ಜರ್ಲೆಂಡ್ ಸೇರಿದ ಎಫ್ಟಾ ಒಕ್ಕೂಟದ ನಡುವಿನ ವ್ಯಾಪಾರ ಒಪ್ಪಂದಕ್ಕೆ 2024ರ ಮಾರ್ಚ್ 10ರಂದು ಸಹಿ ಬಿದ್ದು, 2025ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಇದರನ್ವಯ ಸ್ವಿಸ್ ಗಡಿಯಾರಗಳ ಆಮದು ಸುಂಕ ಹಂತ ಹಂತವಾಗಿ ಇಳಿಯಲಿದೆ. ಕೊಳ್ಳುವಾಗ ಅಧಿಕೃತ ಮಳಿಗೆಯ ಜಿಎಸ್‌ಟಿ ರಸೀದಿ, ಕ್ರಮಸಂಖ್ಯೆ ನಮೂದಾದ ವಾರಂಟಿ ಪತ್ರ ಕೇಳಿ ಪಡೆಯುವುದು ಅವಶ್ಯ.

ಮನೆಯಲ್ಲಿ ಹಳೆಯದಿದ್ದರೆ

ಹಳೆಯ ಫೇವರ್ ಲೂಬಾಗಳ ಹೆಸರಿನಲ್ಲಿ ಇಂದು ಅಂತರ್ಜಾಲದಲ್ಲಿ ಮಾರಾಟವಾಗುವ ಅನೇಕ ಗಡಿಯಾರಗಳು ಡಯಲ್‌ಗೆ ಹೊಸದಾಗಿ ಬಣ್ಣ ಬಳಿದು, ಬೇರೆ ಬೇರೆ ಗಡಿಯಾರಗಳ ಭಾಗ ಸೇರಿಸಿ ಸಿದ್ಧಪಡಿಸಿದವು. ಸಂಗ್ರಾಹಕರ ನಡುವೆ ಇವಕ್ಕೆ 'ಮುಂಬೈ ಸ್ಪೆಷಲ್' ಎಂದೇ ಹೆಸರು. ಕಣ್ಣು ಕುಕ್ಕುವ ಬಣ್ಣ, ಸೊಟ್ಟಗಿರುವ ಅಕ್ಷರ, ಸಮ ಅಂತರವಿಲ್ಲದ ನಿಮಿಷದ ಗೆರೆಗಳು ಇದರ ಗುರುತು. ಹಿಂಬದಿಯ ಮುಚ್ಚಳ ತೆಗೆಸಿ ಯಂತ್ರದ ಮೇಲೆ ಸಂಸ್ಥೆಯ ಹೆಸರು ಕೊರೆದಿದೆಯೇ ಎಂದು ನೋಡುವುದು ಒಳಿತು.

ಆದ್ದರಿಂದಲೇ ಮನೆಯಲ್ಲಿ ಉಳಿದುಬಂದ, ಯಾರೂ ಬದಲಿಸದ ಗಡಿಯಾರಕ್ಕೆ ಮಹತ್ವ ಹೆಚ್ಚು. ಮಾಸಿದ ಡಯಲ್ ಕೂಡ ಮೂಲದ್ದಾಗಿದ್ದರೆ ಸಂಗ್ರಾಹಕರು ಅದನ್ನೇ ಬಯಸುತ್ತಾರೆ. ವರ್ಷಗಟ್ಟಲೆ ನಿಂತ ಗಡಿಯಾರದೊಳಗಿನ ಎಣ್ಣೆ ಒಣಗಿರುವುದರಿಂದ ಒಮ್ಮೆಲೇ ಚಾವಿ ಕೊಟ್ಟು ನಡೆಸಬಾರದು. ಮೊದಲು ಅನುಭವಿ ರಿಪೇರಿಯವರಿಂದ ಬಿಚ್ಚಿ ತೊಳೆಸಬೇಕು. ಕೇಸ್‌ಗೆ ಪಾಲಿಶ್, ಡಯಲ್‌ಗೆ ಬಣ್ಣ ಬೇಡವೆಂದು ಮುಂಚಿತವಾಗಿಯೇ ಹೇಳಬೇಕು. 1960ರ ದಶಕದ ಆರಂಭದವರೆಗಿನ ಕತ್ತಲಲ್ಲಿ ಹೊಳೆಯುವ ಡಯಲ್‌ಗಳಲ್ಲಿ ರೇಡಿಯಂ ಇರುವ ಸಾಧ್ಯತೆಯಿದ್ದು, ಮನೆಯಲ್ಲಿ ಬಿಚ್ಚಿ ಕೆರೆಯುವುದು ಅಪಾಯಕಾರಿ. ಬದಲಿಸಿದ ಹಳೆಯ ಭಾಗಗಳನ್ನು ರಿಪೇರಿಯವರಿಂದ ಮರಳಿ ಪಡೆದು ಗಡಿಯಾರದೊಂದಿಗೇ ಇರಿಸಿಕೊಳ್ಳುವುದು ಸೂಕ್ತ.