ಪುಟದ ನಡುವೆ ಇಟ್ಟ ಬೆರಳು

ಕಥೆ ಕೇಳುವ ಮಗು ಸುಮ್ಮನೆ ಕೇಳುವುದಿಲ್ಲ. ನಾವು ‘ಹೂಂ’ಗುಟ್ಟುವುದನ್ನು ಮರೆತರೆ ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಬೇತಾಳನಂತೂ ಕಥೆ ಹೇಳಿ ಮುಗಿಸಿ ವಿಕ್ರಮನಿಂದ ತೀರ್ಪನ್ನೇ ಬೇಡಿದವನು. ಆದರೆ ದೊರೆ ಏನು ಉತ್ತರಿಸಿದರೂ ಹೇಳಿ ಮುಗಿದ ಕಥೆ ಬದಲಾಗುತ್ತಿರಲಿಲ್ಲ. ಓದುವವನ ಆಯ್ಕೆಯಂತೆ ಕಥೆಯೇ ಹಾದಿ ಬದಲಿಸುವ ಮಕ್ಕಳ ಪುಸ್ತಕ ಜನಪ್ರಿಯವಾದದ್ದು ಬೇರೆ ನಾಡಿನಲ್ಲಿ, ತೀರ ಈಚೆಗೆ.

ಅಮೆರಿಕದ ಎಡ್ವರ್ಡ್ ಪ್ಯಾಕರ್ಡ್ ವೃತ್ತಿಯಿಂದ ವಕೀಲರು. ರಾತ್ರಿ ಹೆಣ್ಣುಮಕ್ಕಳಿಗೆ ಕಥೆ ಹೇಳುತ್ತಿದ್ದಾಗ ಒಮ್ಮೆ ಅವರ ಕಲ್ಪನೆ ಬತ್ತಿತು. ಮುಂದೇನಾಗಬೇಕೆಂದು ಮಕ್ಕಳನ್ನೇ ಕೇಳಿದರು. ಒಬ್ಬಳು ಒಂದು ಹೇಳಿದಳು, ಇನ್ನೊಬ್ಬಳು ಮತ್ತೊಂದು. ಎರಡನ್ನೂ ಉಳಿಸಿಕೊಂಡರೆ ಹೇಗೆ ಎಂಬ ಯೋಚನೆಯಿಂದ ಹುಟ್ಟಿದ ‘ಶುಗರ್‌ಕೇನ್ ಐಲೆಂಡ್’ ಅನೇಕ ಪ್ರಕಾಶಕರಿಗೆ ರುಚಿಸಲಿಲ್ಲ. 1976ರಲ್ಲಿ ವರ್ಮಾಂಟ್‌ನ ಒಂದು ಸಣ್ಣ ಪ್ರಕಾಶನದಿಂದ ಹೊರಬಂದಿತು. 1979ರಲ್ಲಿ ‘ದಿ ಕೇವ್ ಆಫ್ ಟೈಮ್’ನೊಂದಿಗೆ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಮಾಲೆ ಆರಂಭವಾಯಿತು. ಈ ಪುಸ್ತಕಗಳ ನಾಯಕನಿಗೆ ಹೆಸರಿಲ್ಲ, ಅವನು ‘ನೀನು’. ಗುಹೆಯ ಎಡಕ್ಕೆ ತಿರುಗಿದರೆ ಒಂದು ಪುಟ, ಬಲಕ್ಕೆ ತಿರುಗಿದರೆ ಇನ್ನೊಂದು. (‘ನೀನು ಹೋದೆ’ ಎಂದರೆ ಹೋದವರು ಹುಡುಗನೋ ಹುಡುಗಿಯೋ ತಿಳಿಯದು. ಇಂಥ ಕಥೆಗೆ ನಮ್ಮ ಭಾಷೆ ಹೇಳಿಮಾಡಿಸಿದಂತಿದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.)

ಇಂಗ್ಲೆಂಡಿನ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಇದಕ್ಕೆ ದಾಳವನ್ನು ಸೇರಿಸಿದರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಅಮೆರಿಕದಿಂದ ತರಿಸಿ ಮಾರುತ್ತಿದ್ದ ಈ ಗೆಳೆಯರ ‘ದಿ ವಾರ್ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ 1982ರಲ್ಲಿ ಪಫಿನ್ ಪ್ರಕಾಶನದಿಂದ ಬಂದಿತು. ಬೆಟ್ಟದೊಳಗಿನ ಮಾಂತ್ರಿಕನ ನಿಧಿಯನ್ನು ಗೆಲ್ಲುವ ಕಥೆಯದು. ನಡುವಿನ ಹೊಳೆಯವರೆಗೆ ಒಬ್ಬರು ಬರೆದರೆ, ಆಚೆಗೆ ಇನ್ನೊಬ್ಬರು. ಕಂಡಿಕೆಗಳು ನಾನೂರು. ಎರಡು ದಾಳ, ಒಂದು ಪೆನ್ಸಿಲು, ಒಂದು ರಬ್ಬರು ಇದ್ದರೆ ಸಾಕು. ಕೌಶಲ, ತ್ರಾಣ, ಅದೃಷ್ಟಗಳಿಗೆ ಅಂಕ. ಪೆಟ್ಟು ಬಿದ್ದಾಗ ತ್ರಾಣದಲ್ಲಿ ಕಳೆಯಬೇಕು. ಮಾಂತ್ರಿಕನನ್ನು ಕೊಂದ ಮೇಲೂ ಸರಿಯಾದ ಬೀಗದ ಕೈಗಳಿಲ್ಲದಿದ್ದರೆ ಪೆಟ್ಟಿಗೆ ತೆರೆಯದು! ಪಫಿನ್ ಈ ಮಾಲೆಯಲ್ಲಿ 1995ರವರೆಗೆ ಐವತ್ತೊಂಬತ್ತು ಪುಸ್ತಕಗಳನ್ನು ತಂದಿತು.

ಅಂದಿನ ಓದುಗರು ಈಗ ನಡುವಯಸ್ಸಿನವರು. ಹಳೆಯ ಪ್ರತಿಗಳನ್ನು ಅವರು ಹುಡುಕಿ ಕೊಳ್ಳುತ್ತಾರೆ. ಅಂಕಗಳ ಹಾಳೆಯಲ್ಲಿ ಯಾವುದೋ ಮಗು ಒತ್ತಿ ಬರೆದು ಅಳಿಸಿದ ಗುರುತು ಉಳಿದಿದ್ದರೆ ಪುಸ್ತಕ ಕೆಟ್ಟಿತೆಂದು ಅವರಲ್ಲಿ ಕೆಲವರಿಗಾದರೂ ಅನ್ನಿಸಲಾರದು. ಅವರು ಹಂಬಲಿಸುವುದು ಆಯ್ಕೆಯ ಸ್ವಾತಂತ್ರ್ಯಕ್ಕೆಂದು ಸಾಮಾನ್ಯವಾಗಿ ಹೇಳುವುದುಂಟು. ನಾನದನ್ನು ಒಪ್ಪಲಾರೆ. ಆ ಹಾದಿಗಳನ್ನೆಲ್ಲ ಲೇಖಕನು ಮೊದಲೇ ಕಡಿದಿಟ್ಟಿದ್ದನು. ಹೆಚ್ಚಿನವು ಸಾವಿಗೇ ಒಯ್ಯುತ್ತಿದ್ದವು. ಮಗುವಿನ ಸ್ವಂತದ್ದೆಂದರೆ ಕವಲಿನ ಪುಟದಲ್ಲಿ ಸಿಕ್ಕಿಸಿಟ್ಟ ಬೆರಳು. ಮುಂದೆ ಇಣುಕಿ, ಅಲ್ಲಿ ರಾಕ್ಷಸನಿದ್ದರೆ ಹಿಂದಿರುಗಿ, ಅದನ್ನು ಆರಿಸಿಯೇ ಇರಲಿಲ್ಲವೆಂದು ನಟಿಸಬಹುದಿತ್ತು. ನಾಲ್ಕು ಕವಲಿಗೆ ನಾಲ್ಕು ಬೆರಳು! ಮುಂದೆ ಬಾಳಿನಲ್ಲಿ ಓದು, ಉದ್ಯೋಗ, ಮದುವೆ ಎಂಬ ಕವಲುಗಳು ಬಂದಾಗ ಬೆರಳಿಡಲು ಪುಟವಿರಲಿಲ್ಲ.

ಈ ಕಳ್ಳತನ ಲೇಖಕರಿಗೆ ತಿಳಿಯದ್ದೇನೂ ಅಲ್ಲ. 1982ರಲ್ಲಿ ಪ್ಯಾಕರ್ಡ್ ಬರೆದ ‘ಇನ್‌ಸೈಡ್ ಯುಎಫ್‌ಒ 54-40’ರಲ್ಲಿ ಅಲ್ಟಿಮಾ ಎಂಬ ಸ್ವರ್ಗಸದೃಶ ಗ್ರಹವೊಂದಿದೆ. ಯಾವ ಆಯ್ಕೆಯೂ ಅಲ್ಲಿಗೆ ಒಯ್ಯುವುದಿಲ್ಲ. ಪುಸ್ತಕದ ಯಾವ ಸೂಚನೆಯೂ ಆ ಪುಟದ ಸಂಖ್ಯೆಯನ್ನು ಹೇಳುವುದಿಲ್ಲ. ಸೂಚನೆಗಳನ್ನು ಬದಿಗಿಟ್ಟು ಸುಮ್ಮನೆ ಹಾಳೆ ಮಗುಚಿದವರಿಗೆ ಮಾತ್ರ ಅದು ಸಿಕ್ಕುತ್ತದೆ. ಹಾಗೆ ನುಸುಳಿ ಬಂದ ಮಗುವನ್ನು ಪ್ಯಾಕರ್ಡ್ ಗದರಿಸುವುದಿಲ್ಲ, ಸ್ವಾಗತಿಸುತ್ತಾರೆ.