ಧ್ವನಿಮುದ್ರಣ ಕಲೆಯೂ ಕನ್ನಡನಾಡೂ

ನಾದವು ಹುಟ್ಟಿದ ಕ್ಷಣದಲ್ಲಿಯೇ ಲಯವನ್ನು ಹೊಂದುವುದು. ಅಕ್ಷರಕ್ಕೆ ತಾಳೆಗರಿಯ ಆಶ್ರಯವಿದ್ದಿತು. ಶಿಲ್ಪಕ್ಕೆ ಶಿಲೆಯ ಆಶ್ರಯವಿದ್ದಿತು. ಗಾನಕ್ಕಾದರೋ ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಇಳಿದುಬರುವ ಪರಂಪರೆಯೊಂದಲ್ಲದೆ ಅನ್ಯ ಆಶ್ರಯವಿರಲಿಲ್ಲ. ಶರಣರ ವಚನಗಳನ್ನು ಫ. ಗು. ಹಳಕಟ್ಟಿಯವರು ಓಲೆಗರಿಗಳಿಂದ ಹುಡುಕಿ ತೆಗೆದು, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿ, ನಾಡಿಗೆ ಉಳಿಸಿಕೊಟ್ಟರು. ಆದರೆ ಹನ್ನೆರಡನೆಯ ಶತಮಾನದಲ್ಲಿ ಆ ವಚನಗಳನ್ನು ಯಾವ ಧ್ವನಿಯಲ್ಲಿ ನುಡಿಯುತ್ತಿದ್ದರೆಂಬುದನ್ನು ಯಾವ ಓಲೆಗರಿಯೂ ಹೇಳಲಾರದು. ಮುಂದಿನ ಪೀಳಿಗೆಯವರಿಗೆ ಇಂತಹ ಕೊರತೆಯುಂಟಾಗದಂತೆ ಮಾಡಬಲ್ಲ ವಿದ್ಯೆಯೇ ಧ್ವನಿಮುದ್ರಣ. ಅದು ನಮ್ಮ ನಾಡಿನಲ್ಲಿ ಬೆಳೆದ ಬಗೆಯನ್ನು ವಾಚಕ ಮಹನೀಯರ ಮುಂದೆ ಸಂಗ್ರಹವಾಗಿ ಇಡುವುದೇ ಈ ಲೇಖನದ ಉದ್ದೇಶವು.

ಅಮೆರಿಕಾ ದೇಶದ ಎಡಿಸನ್ನನು 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದನು. ಹತ್ತು ವರ್ಷಗಳ ತರುವಾಯ, 1887ರಲ್ಲಿ, ಬರ್ಲಿನರ್ ಎಂಬವನು ದುಂಡನೆಯ ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುವ ಗ್ರಾಮಫೋನನ್ನು ಕಂಡುಹಿಡಿದನು. ಈ ತಟ್ಟೆಗಳಿಗೆ ಮುಖ್ಯ ದ್ರವ್ಯವಾದದ್ದು ಅರಗು. ಭಾರತದ ಕಾಡುಗಳ ಅರಗು ಲೋಕದ ಸಂಗೀತವನ್ನೆಲ್ಲ ಹೊತ್ತಿತೆಂದರೆ ಅತಿಶಯೋಕ್ತಿಯಾಗದು. 1902ರಲ್ಲಿ ಗೈಸ್‌ಬರ್ಗ್ ಎಂಬ ತಜ್ಞನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಖ್ಯಾತ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡನು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚರಿಸುತ್ತಿದ್ದಳು. ಯಾತಕ್ಕೆಂದರೆ, ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿಯಬೇಕಾಗಿದ್ದಿತು. ವಚನಕ್ಕೆ ಅಂಕಿತವಿದ್ದಂತೆ ತಟ್ಟೆಗೂ ಅಂಕಿತವು ಹೀಗೆ ಪ್ರಾಪ್ತವಾಯಿತು. ಈ ಗಾಯಕಿಯು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಾಲವಾದಳು.

ಆ ಮೊದಲ ಕಾಲದ ಮುದ್ರಣದಲ್ಲಿ ವಿದ್ಯುತ್ತಿನ ಸಹಾಯವಿರಲಿಲ್ಲ. ಗಾಯಕರು ದೊಡ್ಡದೊಂದು ಕೊಂಬಿನ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿದ್ದಿತು; ಆ ಧ್ವನಿಯ ಬಲದಿಂದಲೇ ಸೂಜಿಯು ಮೇಣದ ಮೇಲೆ ಗೆರೆ ಕೊರೆಯುತ್ತಿದ್ದಿತು. ತಂಬೂರಿಯ ಝೇಂಕಾರ, ವೀಣೆಯ ಸೂಕ್ಷ್ಮ ಗಮಕ ಇವು ಆ ಕೊಂಬಿಗೆ ಸರಿಯಾಗಿ ನಿಲುಕುತ್ತಿರಲಿಲ್ಲ. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು 3 ನಿಮಿಷಗಳಷ್ಟೇ ಅವಕಾಶ. ಗಂಟೆಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಅಷ್ಟರಲ್ಲಿ ಅಡಗಿಸಬೇಕಾಗಿದ್ದಿತು. ವೀಣೆ ಶೇಷಣ್ಣನವರಂತಹ ಮಹಾವೈಣಿಕರ ವಾದನವು ನಮಗೆ ಕೆಲವೇ ತಟ್ಟೆಗಳಲ್ಲಿ, ಅದೂ ಮಸುಕಾಗಿ, ಉಳಿದಿರುವುದು ಆ ಕಾಲದ ಇತಿಮಿತಿಗಳಿಂದ.

1925ರಲ್ಲಿ ಮೈಕ್ರೋಫೋನೂ ವಿದ್ಯುತ್ತೂ ಮುದ್ರಣಶಾಲೆಯನ್ನು ಪ್ರವೇಶಿಸಿದುವು. ಕೂಗಿ ಹಾಡುವ ಅವಶ್ಯಕತೆಯು ತಪ್ಪಿತು. ಕರ್ನಾಟಕದ ಉತ್ತರಭಾಗದ ಮಹಾಗಾಯಕರು ತಟ್ಟೆಗಳನ್ನು ಕೊಟ್ಟದ್ದು ಈ ಯುಗದಲ್ಲಿಯೇ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಿದ್ದುವು. ಅವರ ಆಗಿನ ಧ್ವನಿಗೂ ಮುಂದಿನ ಗಂಭೀರ ಧ್ವನಿಗೂ ಇರುವ ಅಂತರವನ್ನು ಇಂದಿಗೂ ಆ ತಟ್ಟೆಗಳೇ ಸಾಕ್ಷಿಯಾಗಿ ಹೇಳುವುವು. ಮಲ್ಲಿಕಾರ್ಜುನ ಮನ್ಸೂರರು ಅದೇ ದಶಕದಲ್ಲಿ ಎಚ್.ಎಂ.ವಿ. ಸಂಸ್ಥೆಗೆ ಹಾಡಿದುದಲ್ಲದೆ ಅಲ್ಲಿ ಸಂಗೀತ ನಿರ್ದೇಶಕರೂ ಆಗಿದ್ದರು. ವಚನಗಳು ರಾಗಬದ್ಧವಾಗಿ ಮನೆಮನೆಗೆ ತಲುಪಿದುದರಲ್ಲಿ ಇಂತಹವರ ಗಾಯನದ ಪಾಲು ದೊಡ್ಡದು.

ಇನ್ನು ಈ ಕಲೆಯ ಅಂಗಗಳನ್ನು ವಿಚಾರಿಸೋಣ. ಇದರಲ್ಲಿ ಗ್ರಹಣ, ಮಿಶ್ರಣ, ಪರಿಷ್ಕರಣ ಎಂಬ ಮೂರು ಕ್ರಿಯೆಗಳುಂಟು. ಗ್ರಹಣವೆಂದರೆ ಧ್ವನಿಯನ್ನು ಹಿಡಿಯುವುದು. ಮಿಶ್ರಣವೆಂದರೆ ಕಂಠ, ಶ್ರುತಿ, ತಾಳವಾದ್ಯಗಳನ್ನು ಹಿತಮಿತವಾಗಿ ಕೂಡಿಸುವುದು. ಒಂದೇ ಮೈಕ್ರೋಫೋನಿದ್ದ ಕಾಲದಲ್ಲಿ ಗಾಯಕನನ್ನು ಹತ್ತಿರಕ್ಕೂ ತಬಲದವನನ್ನು ದೂರಕ್ಕೂ ಕುಳ್ಳಿರಿಸುವುದೇ ಮಿಶ್ರಣವಾಗಿದ್ದಿತು. ಟೇಪು ಬಂದ ಮೇಲೆ ಒಂದೊಂದು ವಾದ್ಯವನ್ನೂ ಪ್ರತ್ಯೇಕವಾಗಿ ಮುದ್ರಿಸಿ ಬಳಿಕ ಕೂಡಿಸುವುದು ಸಾಧ್ಯವಾಯಿತು. ಪರಿಷ್ಕರಣವು ಕೊನೆಯ ಸಂಸ್ಕಾರ. ಮಂದ್ರಸ್ವರವು ಪ್ರಬಲವಾದರೆ ತಟ್ಟೆಯ ಗೆರೆಯು ಅಗಲವಾಗಿ ಓಲಾಡಿ ಪಕ್ಕದ ಗೆರೆಗೆ ತಗಲುವುದು; ಆದಕಾರಣ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ನುಡಿಸುವಾಗ ಅಷ್ಟನ್ನೇ ಏರಿಸುತ್ತಿದ್ದರು. ಗ್ರಂಥಸಂಪಾದಕನು ಪ್ರತಿಗಳನ್ನು ಹುಡುಕಿ, ಹೋಲಿಸಿ, ಶುದ್ಧಪಾಠವನ್ನು ಸಿದ್ಧಪಡಿಸುವ ಕ್ರಮವನ್ನು ಬಲ್ಲವರಿಗೆ ಇದರ ಮರ್ಮವು ಸುಲಭವಾಗಿ ತಿಳಿಯುವುದು.

ಒಳ್ಳೆಯ ಮುದ್ರಣಕ್ಕೆ ಆಶ್ರಯದಾತರೂ ಬೇಕು. ಜಯಚಾಮರಾಜ ಒಡೆಯರು ರಷ್ಯಾದ ವಾಗ್ಗೇಯಕಾರ ಮೆಟ್ನರನ ಕೃತಿಗಳನ್ನು ಲಂಡನ್ನಿನಲ್ಲಿ ಮುದ್ರಿಸಲು ಧನಸಹಾಯವಿತ್ತರು. ವೃದ್ಧನೂ ರೋಗಿಯೂ ಆಗಿದ್ದ ಆತನು ತನ್ನ ಕೃತಿಗಳನ್ನು ತಾನೇ ಪಿಯಾನೋದಲ್ಲಿ ನುಡಿಸಿ, 1951ರಲ್ಲಿ ಮರಣ ಹೊಂದಿದನು. ಆ ಸಹಾಯವು ಕೆಲವೇ ವರ್ಷ ತಡವಾಗಿದ್ದರೆ ಆ ನಾದವು ಲೋಕಕ್ಕೆ ದೊರೆಯುತ್ತಿರಲಿಲ್ಲ.

ನಾಡಿನೊಳಗೆ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಸ್ಥಾಪಿಸಿದರು. 1950ರಲ್ಲಿ ಧಾರವಾಡದಲ್ಲಿಯೂ 1955ರಲ್ಲಿ ಬೆಂಗಳೂರಿನಲ್ಲಿಯೂ ಬಾನುಲಿ ಕೇಂದ್ರಗಳು ಪ್ರಾರಂಭವಾದುವು. ಬೆಂಗಳೂರಿನ ಉತ್ತರಭಾಗವೂ ಈ ಚರಿತ್ರೆಗೆ ಹೊರತಲ್ಲ. ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಬಾನುಲಿಯ ಪ್ರಸಾರಯಂತ್ರಗಳನ್ನು ತಯಾರಿಸಿತು. ಯಶವಂತಪುರದ ಸಮೀಪದಲ್ಲಿ 1966ರಲ್ಲಿ ಶ್ರೀ ಕಂಠೀರವ ಸ್ಟುಡಿಯೋ ಸ್ಥಾಪಿತವಾಯಿತು. ಯಲಹಂಕದ ದೊಡ್ಡಬಳ್ಳಾಪುರ ರಸ್ತೆಯಲ್ಲಿ 1994ರಲ್ಲಿ ಆಕಾಶವಾಣಿಯು 500 ಕಿಲೋವಾಟ್ ಸಾಮರ್ಥ್ಯದ ಪ್ರಸಾರಯಂತ್ರಗಳನ್ನು ನಿಲ್ಲಿಸಿತು. 1978ರಲ್ಲಿ 'ನಿತ್ಯೋತ್ಸವ'ದ ಕ್ಯಾಸೆಟ್ ಹೊರಬಂದ ಮೇಲೆ ಭಾವಗೀತೆಯು ಅಂಗಡಿಯಂಗಡಿಗಳಲ್ಲಿ ದೊರೆಯುವಂತಾಯಿತು. ಈಗಲಾದರೋ ಮನೆಯ ಒಂದು ಕೋಣೆ, ಒಂದು ಗಣಕಯಂತ್ರ, ಒಂದೆರಡು ಮೈಕ್ರೋಫೋನುಗಳಿದ್ದರೆ ಮುದ್ರಣಶಾಲೆಯಾಗುವುದು. ಆದರೆ ಹೆಬ್ಬಾಳದ ಮೇಲ್ಸೇತುವೆಯ ವಾಹನಘೋಷ, ಯಲಹಂಕದ ವಿಮಾನಗಳ ಆರ್ಭಟ, ಯಶವಂತಪುರದ ರೈಲುಗಳ ಸದ್ದು ಇವುಗಳ ನಡುವೆ ನಿಶ್ಶಬ್ದವನ್ನು ಸಂಪಾದಿಸುವುದೇ ಕಷ್ಟ. ಗೋಡೆಯೊಳಗೆ ಗೋಡೆಯನ್ನು ಕಟ್ಟಿ, ನಡುವೆ ಗಾಳಿಯ ತೆರಪನ್ನು ಬಿಟ್ಟು, ಬಾಗಿಲ ಸಂದುಗಳನ್ನು ಮುಚ್ಚಿದಲ್ಲದೆ ತಂಬೂರಿಯ ಸೂಕ್ಷ್ಮನಾದವು ಮುದ್ರಣಕ್ಕೆ ನಿಲುಕದು.

ಇಲ್ಲಿ ಒಂದು ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಉತ್ತಮ ಧ್ವನಿಯೆಂದರೆ ಏನು? ಹಳೆಯ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿಯೇ ಮುದ್ರಿತವಾದುವಲ್ಲ. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿಯು ಹತ್ತಿರ ಹತ್ತಿರ ಒಂದು ಅರ್ಧಸ್ವರದಷ್ಟು ಏರಿ, ಗಾಯಕನ ಧ್ವನಿಯು ತನ್ನದಲ್ಲದ ರೂಪವನ್ನು ತಾಳುವುದು. ಕೇಳಿದವರು ಅದನ್ನೇ ನಿಜವೆಂದು ನಂಬಿ ಅನುಕರಿಸುವರು. ಗೀರುಸದ್ದನ್ನು ತೆಗೆಯುವ ಉತ್ಸಾಹದಲ್ಲಿ ಕಂಠದ ಮೇಲಿನ ಕಾಂತಿಯನ್ನೂ ಉಜ್ಜಿ ಹಾಕುವುದುಂಟು. ಗಟ್ಟಿಯಾಗಿ ಕೇಳಿಸಬೇಕೆಂಬ ಪೈಪೋಟಿಯಿಂದ ಮೆಲುದನಿಯನ್ನೂ ಬಿರುದನಿಯನ್ನೂ ಒಂದೇ ಮಟ್ಟಕ್ಕೆ ಅದುಮಿದರೆ, ಆಲಾಪದ ಏರಿಳಿತವೇ ಅಳಿದುಹೋಗುವುದು. ಪಾಠವನ್ನು ತಿದ್ದುವ ನೆಪದಲ್ಲಿ ಕವಿಯ ಮಾತನ್ನೇ ಬದಲಿಸಿದ ಲಿಪಿಕಾರನ ದೋಷಕ್ಕೂ ಇದಕ್ಕೂ ಭೇದವಿಲ್ಲ. ಆದುದರಿಂದ ಉತ್ತಮ ಧ್ವನಿಯೆಂದರೆ ಇಂಪು ಮಾತ್ರವಲ್ಲ, ಸತ್ಯವೂ ಹೌದು.

ಮಠಗಳಲ್ಲಿಯೂ ಸಂಗೀತಶಾಲೆಗಳಲ್ಲಿಯೂ ಗೃಹಸ್ಥರ ಪೆಟ್ಟಿಗೆಗಳಲ್ಲಿಯೂ ಪ್ರವಚನ, ವಚನಗಾಯನ, ಪುರಾಣಗಳ ಟೇಪುಗಳು ಬಿದ್ದಿರುವುವು. ಟೇಪಿಗೆ ತಾಳೆಗರಿಯಷ್ಟು ಆಯುಸ್ಸಿಲ್ಲ. ತೇವದಿಂದ ಬೂಷ್ಟು ಹಿಡಿಯುವುದು, ಅಂಟಂಟಾಗುವುದು. ಅದನ್ನು ನುಡಿಸಬಲ್ಲ ಯಂತ್ರಗಳೂ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿರುವುವು. ಓಲೆಗರಿಗೆ ಗೆದ್ದಲು ಹತ್ತುವ ಮುನ್ನ ಹಳಕಟ್ಟಿಯವರು ಬಂದಂತೆ ಇವುಗಳಿಗೂ ಕಾಲಮೀರುವ ಮುನ್ನ ಒಬ್ಬರು ಒದಗಬೇಕಾಗಿದೆ. ಮೂಲವನ್ನು ಯಾವ ಸಂಸ್ಕಾರವನ್ನೂ ಮಾಡದೆ ಒಂದು ಪ್ರತಿಯಾಗಿ ತೆಗೆದಿಡುವುದು; ಪರಿಷ್ಕರಣವನ್ನು ಬೇರೊಂದು ಪ್ರತಿಯ ಮೇಲೆ ನಡೆಸುವುದು; ಹಾಡಿದವರ ಹೆಸರು, ರಾಗ, ಶ್ರುತಿ, ಸ್ಥಳ, ದಿನಾಂಕಗಳನ್ನು ತಪ್ಪದೆ ಬರೆದಿಡುವುದು; ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ರಕ್ಷಿಸುವುದು — ಇವಿಷ್ಟು ನಡೆದರೆ ಸಾಕು. ಅಂಕಿತವಿಲ್ಲದ ವಚನದ ಕರ್ತೃವನ್ನು ನಿರ್ಣಯಿಸಲು ವಿದ್ವಾಂಸರು ಪಡುವ ಪಾಡನ್ನು ನಾವು ಬಲ್ಲೆವು. ಹೆಸರಿಲ್ಲದ ಟೇಪುಗಳನ್ನು ಮುಂದಿನವರ ಕೈಗಿಟ್ಟು ಅವರನ್ನೂ ಅದೇ ಪಾಡಿಗೆ ಗುರಿಮಾಡುವುದು ಯುಕ್ತವಲ್ಲ. ನಾಡಿನ ಹಿರಿಯರ ಕಂಠಗಳು ಮೊಮ್ಮಕ್ಕಳ ಕಿವಿಗೆ ಯಥಾರ್ಥವಾಗಿ ತಲುಪಲಿ.