ವೀಡಿಯೋ ಆಟಗಳ ಹಿಂಸೆ, ಮಕ್ಕಳು ಮತ್ತು ರಾಜ್ಯಾಧಿಕಾರ

ಗುಂಡಿಕ್ಕುವುದು, ಇರಿಯುವುದು, ಎದುರಾಳಿಯನ್ನು ಕೊಲ್ಲುವುದು ಇವೇ ಪ್ರಧಾನ ಕ್ರಿಯೆಗಳಾಗಿರುವ ವೀಡಿಯೋ ಆಟಗಳು ಎಳೆಯರ ಮನಸ್ಸನ್ನು ಕೆಡಿಸುವುವೆಂಬ ಶಂಕೆಯೂ, ಆ ಶಂಕೆಯ ಬೆನ್ನಿಗೆ ಸರ್ಕಾರ, ಶಾಸನಸಭೆ, ನ್ಯಾಯಾಲಯಗಳು ಕೈಗೊಂಡ ಕ್ರಮಗಳೂ ಈ ಲೇಖನದ ವಿಷಯ. ಮಕ್ಕಳನ್ನು ಕೆಡಿಸಿದುದರಿಂದಲೇ ಪಬ್‌ಜಿ ಎಂಬ ಮೊಬೈಲ್ ಆಟ ದೇಶದಲ್ಲಿ ನಿಷೇಧಕ್ಕೆ ಒಳಗಾಯಿತೆಂಬ ನಂಬಿಕೆ ಜನರ ನೆನಪಿನಲ್ಲಿ ಉಳಿದಿದೆಯಾದರೂ ದಾಖಲೆಗಳು ಹಾಗೆ ಹೇಳುವುದಿಲ್ಲ. ಇಡೀ ದೇಶದ ಮಟ್ಟದಲ್ಲಾಗಲಿ ಕರ್ನಾಟಕದಲ್ಲಾಗಲಿ ಈ ಬಗೆಯ ಪ್ರಮುಖ ಕ್ರಮಗಳೆಲ್ಲ ಹಣದ ಪಣ, ರಾಷ್ಟ್ರದ ಭದ್ರತೆ ಮುಂತಾದ ಅನ್ಯ ಕಾರಣಗಳನ್ನು ಆಶ್ರಯಿಸಿಯೇ ನಡೆದವು.

ಪದದ ತೊಡಕು

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಬರಿದೆ ‘ಆಟ’ವೆಂದರೆ ಯಕ್ಷಗಾನ ಬಯಲಾಟವೆಂದೇ ಅರ್ಥ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದುದು ಈ ಹೊನ್ನಾವರ ತಾಲೂಕಿನಲ್ಲಿಯೇ. ಕೀಚಕವಧೆ, ಜರಾಸಂಧವಧೆ ಮೊದಲಾದ ಪ್ರಸಂಗಗಳನ್ನು ಇಲ್ಲಿಯ ಮಕ್ಕಳು ಹಿರಿಯರ ಮಗ್ಗುಲಲ್ಲಿ ಕುಳಿತು, ತೂಕಡಿಸುತ್ತ, ಚೆಂಡೆಯ ಸದ್ದಿಗೆ ಎಚ್ಚರಗೊಳ್ಳುತ್ತ ತಲೆಮಾರುಗಳಿಂದ ನೋಡುತ್ತ ಬಂದಿದ್ದಾರೆ. ಆದುದರಿಂದ ವಧೆಯ ದೃಶ್ಯವೆಂಬುದು ಮಕ್ಕಳಿಗೆ ಹೊಸತಲ್ಲ. ರಂಗದ ವಧೆಗೆ ಮಗು ಪ್ರೇಕ್ಷಕ ಮಾತ್ರ, ಯಂತ್ರದ ವಧೆಗೆ ಅದೇ ಕರ್ತೃವೆಂಬುದು ಹೊಸತು. ಆ ಯಂತ್ರದ ಆಟವಾಡುವಾಗ ಪಕ್ಕದಲ್ಲಿ ಹಿರಿಯರಿಲ್ಲವೆಂಬುದು ಇನ್ನೂ ಹೊಸತು. ಇತ್ತ ಕಾನೂನಿನ ಭಾಷೆಯಲ್ಲಿ, 1963ರ ಕರ್ನಾಟಕ ಪೊಲೀಸ್ ಅಧಿನಿಯಮದಲ್ಲಿ, ‘ಗೇಮಿಂಗ್’ ಎಂದರೆ ಜೂಜು. ಒಂದೇ ಪದ ಹೊತ್ತ ಈ ಅರ್ಥಭಾರವೇ ಮುಂದಿನ ಅನೇಕ ಗೊಂದಲಗಳಿಗೆ ಮೂಲವಾಯಿತು.

ಹೊರನಾಡಿನ ಪೂರ್ವೇತಿಹಾಸ

ಈ ಕಳವಳ ಮೊದಲು ರೂಪುಗೊಂಡುದು ಅಮೆರಿಕದಲ್ಲಿ. 1976ರ ‘ಡೆತ್ ರೇಸ್’ ಆಟದ ಮೇಲೆ ಪ್ರತಿಭಟನೆಯೆದ್ದಿತು. 1993ರಲ್ಲಿ ಸೆನೆಟ್ ವಿಚಾರಣೆ ನಡೆಸಿತು. 1994ರಲ್ಲಿ ತಯಾರಕರೇ ವಯೋಮಾನದ ಶ್ರೇಣೀಕರಣ ಮಂಡಲಿಯೊಂದನ್ನು ರಚಿಸಿಕೊಂಡರು. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತರಿಗೆ ಮಾರಬಾರದೆಂಬ ಕ್ಯಾಲಿಫೋರ್ನಿಯದ ಕಾನೂನನ್ನು ಅಲ್ಲಿಯ ಸುಪ್ರೀಂ ಕೋರ್ಟು 2011ರಲ್ಲಿ ರದ್ದುಗೊಳಿಸಿತು. ಭಾರತದಲ್ಲಿ ಚಲನಚಿತ್ರಕ್ಕೆ 1952ರ ಅಧಿನಿಯಮದನ್ವಯ ಪ್ರಮಾಣಪತ್ರ ಕಡ್ಡಾಯವಾಗಿದೆಯೇ ಹೊರತು ವೀಡಿಯೋ ಆಟಗಳನ್ನು ಪರಿಶೀಲಿಸಿ ವಯೋಮಾನ ನಿರ್ಣಯಿಸುವ ಅಂತಹ ಮಂಡಲಿ ಏರ್ಪಡಲಿಲ್ಲ.

ನೀಲಿ ತಿಮಿಂಗಿಲದ ಭೀತಿ

2017ರಲ್ಲಿ ದೇಶವನ್ನು ತಲ್ಲಣಗೊಳಿಸಿದ ‘ಬ್ಲೂ ವೇಲ್’ ಸವಾಲು ನಿಜವಾಗಿ ವೀಡಿಯೋ ಆಟವೇ ಆಗಿರಲಿಲ್ಲ. ಅಪರಿಚಿತನೊಬ್ಬನು ಎಳೆಯರಿಗೆ ಒಂದೊಂದಾಗಿ ಕೆಲಸಗಳನ್ನು ವಿಧಿಸಿ ಕೊನೆಗೆ ಆತ್ಮಹತ್ಯೆಗೆ ನೂಕುತ್ತಾನೆಂಬುದು ಅದರ ಕುರಿತ ವದಂತಿಯ ಸಾರ. ಆ ವರ್ಷದ ಆಗಸ್ಟಿನಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು ಗೂಗಲ್, ಫೇಸ್‌ಬುಕ್ ಮೊದಲಾದ ಸಂಸ್ಥೆಗಳಿಗೆ ಪತ್ರ ಬರೆದು ಅದರ ಕೊಂಡಿಗಳನ್ನು ತೆಗೆದುಹಾಕಲು ಸೂಚಿಸಿತು. ಆದರೆ ಯಾವ ಸಾವಿಗೂ ಈ ಸವಾಲೇ ಕಾರಣವೆಂದು ಸಾಬೀತಾಗಲಿಲ್ಲವೆಂದು 2018ರ ಆರಂಭದಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಭೀತಿ ಮುಖಪುಟಗಳಲ್ಲಿ ಹಬ್ಬಿದಷ್ಟು ಈ ಉತ್ತರ ಹಬ್ಬಲಿಲ್ಲ.

ಪಬ್‌ಜಿಯ ಕಾಲ

ನೂರು ಮಂದಿ ದ್ವೀಪವೊಂದಕ್ಕೆ ಇಳಿದು ಕೊನೆಗೊಬ್ಬನೇ ಉಳಿಯುವ ತನಕ ಕಾದಾಡುವ ಪಬ್‌ಜಿ 2018ರಲ್ಲಿ ಮೊಬೈಲಿಗೆ ಬಂದಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಡೇಟಾ ಅಗ್ಗವಾಗಿದ್ದುದರಿಂದ ಆಟ ಹಳ್ಳಿಗಳನ್ನೂ ಬೇಗನೆ ಮುಟ್ಟಿತು. 2019ರಲ್ಲಿ ಗುಜರಾತಿನ ಸೂರತ್, ರಾಜಕೋಟ್ ನಗರಗಳು ಅದನ್ನು ನಿಷೇಧಿಸಿದುವು. ರಾಜಕೋಟಿನಲ್ಲಿ ಆಡುತ್ತಿದ್ದ ಯುವಕರನ್ನು ಪೊಲೀಸರು ಬಂಧಿಸಿದರು. ಕರ್ನಾಟಕವು ಆ ದಾರಿ ಹಿಡಿಯಲಿಲ್ಲ. ಇಲ್ಲಿಯ ಮಾರ್ಗ ಚಿಕಿತ್ಸೆಯದಾಗಿತ್ತು: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿಯೇ ತಂತ್ರಜ್ಞಾನದ ಗೀಳಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆದಿದ್ದಿತು. 2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ‘ಗೇಮಿಂಗ್ ಡಿಸಾರ್ಡರ್’ ಎಂಬ ರೋಗನಾಮವೂ ಹಿಡಿತ ತಪ್ಪಿದ ಆಟವನ್ನು ಕುರಿತದ್ದಲ್ಲದೆ ಹಿಂಸೆಯನ್ನು ಕುರಿತದ್ದಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಬಳಿಯ ಕಾಕತಿಯಲ್ಲಿ ಮಗನೊಬ್ಬನು ತಂದೆಯನ್ನು ಕೊಂದ ಘೋರ ಕೃತ್ಯಕ್ಕೆ ಮೊಬೈಲ್ ಆಟದ ಗೀಳೂ ಹಣದ ಜಗಳವೂ ಕಾರಣವೆಂದು ವರದಿಯಾಯಿತು. ಮಕ್ಕಳ ವಿಷಯದಲ್ಲಿ ಈ ಪ್ರಕರಣವನ್ನು ಪದೇ ಪದೇ ಉದಾಹರಿಸಲಾಗುತ್ತದಾದರೂ ಆರೋಪಿ ಇಪ್ಪತ್ತು ದಾಟಿದ ಯುವಕನಾಗಿದ್ದನೆಂಬುದನ್ನು ಮರೆಯಲಾಗದು.

ನಿಜವಾದ ತಿರುವು 2020ರಲ್ಲಿ ಒದಗಿತು. ಕೋವಿಡಿನಿಂದ ಶಾಲೆಗಳು ಮುಚ್ಚಿದಾಗ, ಎಳೆಯ ಮಕ್ಕಳನ್ನು ಪರದೆಯ ಮುಂದೆ ಕೂರಿಸಬಾರದೆಂದು ಬಗೆದ ರಾಜ್ಯ ಸರ್ಕಾರವು ಜೂನಿನಲ್ಲಿ ಕೆಳ ತರಗತಿಗಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ಕರ್ನಾಟಕ ಉಚ್ಚ ನ್ಯಾಯಾಲಯವು, ಶಿಕ್ಷಣದ ಹಕ್ಕನ್ನು ಎತ್ತಿಹಿಡಿದು, ಅದಕ್ಕೆ ತಡೆಯಾಜ್ಞೆಯಿತ್ತಿತು. ಅಲ್ಲಿಯವರೆಗೆ ಮಕ್ಕಳ ಕೈಯಿಂದ ಕಸಿದುಕೊಳ್ಳುತ್ತಿದ್ದ ಮೊಬೈಲನ್ನು ಹೆತ್ತವರು ತಾವಾಗಿಯೇ ಕೈಯಲ್ಲಿಡಬೇಕಾಯಿತು. ಉತ್ತರ ಕನ್ನಡದ ಘಟ್ಟದ ಬುಡದ ಹಳ್ಳಿಗಳಲ್ಲಿ ನೆಟ್‌ವರ್ಕ್ ಅರಸಿ ಗುಡ್ಡವೇರಿದ ಮಕ್ಕಳಿಗೆ ಪಾಠವೂ ಆಟವೂ ಒಂದೇ ಪರದೆಯ ಮೇಲೆ ದೊರೆತವು. ಮಕ್ಕಳ ದಿನಚರಿಯ ಮೇಲೆ ಈ ಪ್ರಸಂಗ ಬೀರಿದ ಪರಿಣಾಮ ಯಾವ ನಿಷೇಧಕ್ಕಿಂತಲೂ ಹಿರಿದು. ಆದರೂ ಆಟಗಳ ಚರಿತ್ರೆಯಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಪಬ್‌ಜಿ ಸಹಿತ 118 ಆ್ಯಪ್‌ಗಳನ್ನು ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ಎ ಪ್ರಕರಣದಂತೆ ತಡೆಹಿಡಿಯಿತು. ಚೀನಾದೊಡನೆ ಗಲ್ವಾನ್ ಕಣಿವೆಯಲ್ಲಿ ನಡೆದ ಸಂಘರ್ಷದ ತರುವಾಯದ ಆ ಆದೇಶಕ್ಕೆ ಆಧಾರವಾದುದು ದೇಶದ ಸಾರ್ವಭೌಮತ್ವ, ರಕ್ಷಣೆ, ಸಾರ್ವಜನಿಕ ಸುವ್ಯವಸ್ಥೆ, ಮಕ್ಕಳ ಮನಸ್ಸಲ್ಲ.

ಉಳ್ಳಾಲ ಮತ್ತು ಪೊಲೀಸ್ ತಿದ್ದುಪಡಿ

ನಿಷೇಧವಾಗಿ ಏಳು ತಿಂಗಳ ಮೇಲೆ, 2021ರ ಏಪ್ರಿಲಿನಲ್ಲಿ, ಮಂಗಳೂರು ಬಳಿಯ ಉಳ್ಳಾಲದಲ್ಲಿ ಹನ್ನೆರಡರ ಬಾಲಕನು ಹತನಾದನು. ಪಬ್‌ಜಿಯ ಸೋಲುಗೆಲುವಿನ ಜಗಳದಲ್ಲಿ ಅಪ್ರಾಪ್ತ ವಯಸ್ಕನೇ ಅವನನ್ನು ಕೊಂದನೆಂದು ಪೊಲೀಸರು ತಿಳಿಸಿದರು. ಕರಾವಳಿಯನ್ನೆಲ್ಲ ಕಲಕಿದ ಈ ದುರಂತವು ನಿಷೇಧವಾದ ಆಟ ಮಕ್ಕಳ ಕೈ ಬಿಟ್ಟಿರಲಿಲ್ಲವೆಂಬುದನ್ನೂ ಪ್ರಕಟಪಡಿಸಿತು.

ಆ ವರ್ಷದ ಅಕ್ಟೋಬರ್ 5ರಂದು ಜಾರಿಗೆ ಬಂದ ಕರ್ನಾಟಕ ಪೊಲೀಸ್ (ತಿದ್ದುಪಡಿ) ಅಧಿನಿಯಮವನ್ನು ಈ ಘಟನೆಗೆ ಉತ್ತರವೆಂದು ಭಾವಿಸುವುದು ತಪ್ಪಾಗುತ್ತದೆ. ಅದು ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ಅಪರಾಧವಾಗಿಸಿತು. ಪಣವಿಲ್ಲದೆ ಗುಂಡಿಕ್ಕುವ ಆಟ ಎಷ್ಟೇ ಕ್ರೂರವಾಗಿದ್ದರೂ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರ ಪೀಠವು, ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ಇರುವ ಭೇದವನ್ನು ಮುಂದಿಟ್ಟು, ತಿದ್ದುಪಡಿಯ ಮುಖ್ಯ ಭಾಗಗಳನ್ನು ಅಸಿಂಧುಗೊಳಿಸಿತು. ಅದೇ ದಿನ, ಪಬ್‌ಜಿಯಂತಹದೇ ಆಟವಾದ ಗರೀನಾ ಫ್ರೀ ಫೈರ್ ಸಹಿತ 54 ಆ್ಯಪ್‌ಗಳ ನಿಷೇಧದ ಸುದ್ದಿ ಹೊರಬಿದ್ದಿತು. ಅದಕ್ಕೂ ಕಾರಣ ರಾಷ್ಟ್ರಭದ್ರತೆಯೇ.

ಹಿಂಸೆಯ ಪ್ರಶ್ನೆಯನ್ನು ನೇರವಾಗಿ ಮುಟ್ಟಿದ ಏರ್ಪಾಡು ಬಂದುದು ತಯಾರಕರಿಂದ. 2021ರ ಜುಲೈಯಲ್ಲಿ ಬಂದ ಪಬ್‌ಜಿಯ ಭಾರತೀಯ ರೂಪದಲ್ಲಿ ರಕ್ತದ ಬಣ್ಣ ಹಸಿರಾಯಿತು. ಅಪ್ರಾಪ್ತರಿಗೆ ದಿನಕ್ಕೆ 3 ಗಂಟೆಯ ಮಿತಿಯೂ ಹೆತ್ತವರ ಸಮ್ಮತಿಯ ನಿಯಮವೂ ಸೇರಿದವು. ಆದರೆ ಭಟ್ಕಳದ ಎಷ್ಟೋ ಮನೆಗಳಲ್ಲಿ ತಂದೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವನು. ಹೊನ್ನಾವರ, ಕುಮಟಾಗಳ ಬೆಸ್ತರ ಮನೆಗಳಲ್ಲಿ ಗಂಡಸರು ಕಡಲಿನ ಮೇಲಿರುವರು. ಮಗುವಿನ ಕೈಯಲ್ಲಿರುವುದು ಹೆತ್ತವರದೇ ಮೊಬೈಲಾದರೆ ಸಮ್ಮತಿ ಕೇಳುವ ಸಂದೇಶವೂ ಮಗುವಿನ ಕೈಗೇ ಬರುವುದು. ಹೆತ್ತವರು ಪಕ್ಕದಲ್ಲಿಯೇ ಇರುವರೆಂಬ ಊಹೆಯ ಮೇಲೆ ನಿಂತ ನಿಯಮಕ್ಕೆ ಇಂತಹ ಮನೆಗಳಲ್ಲಿ ಬಲವಿಲ್ಲ.

ಅನಂತರದ ಕಾಲ

2021ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಮಕ್ಕಳ ಆನ್‌ಲೈನ್ ಆಟಗಳ ಕುರಿತು ಹೆತ್ತವರಿಗೂ ಶಿಕ್ಷಕರಿಗೂ ಸಲಹಾಪತ್ರ ಹೊರಡಿಸಿತು. ಭಾರತೀಯ ಪಬ್‌ಜಿ 2022ರ ಜುಲೈಯಲ್ಲಿ ಆ್ಯಪ್ ಅಂಗಡಿಗಳಿಂದ ಮರೆಯಾಗಿ 2023ರ ಮೇಯಲ್ಲಿ ಮರಳಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಅಧಿನಿಯಮವು ಹಣದ ಆಟಗಳನ್ನು ನಿಷೇಧಿಸಿ ಇ-ಕ್ರೀಡೆಗೆ ಉತ್ತೇಜನವಿತ್ತಿತು.

ಒಟ್ಟಿನಲ್ಲಿ, ಮಕ್ಕಳ ಹೆಸರಿನಲ್ಲಿ ಎದ್ದ ದನಿ ಬಹುಮಟ್ಟಿಗೆ ಬೇರೊಂದು ಉದ್ದೇಶದ ಕಾನೂನಿನಲ್ಲಿ ಕೊನೆಗೊಂಡಿತು. ಬೆರಳ ತುದಿಯಿಂದ ಕೊಲ್ಲುವ ಆಟ ಎಂಟರ, ಹತ್ತರ ಮಗುವಿಗೆ ಏನು ಮಾಡುತ್ತದೆಂಬ ಪ್ರಶ್ನೆ ಶಾಸನದಲ್ಲಿ ಉತ್ತರ ಕಾಣದೆ, ಬಯಲಾಟದ ರಾತ್ರಿಗಳಲ್ಲಿ ಮಗುವಿನ ಮಗ್ಗುಲಲ್ಲಿದ್ದ ಆ ಹಿರಿಯರ ಪಾಲಿಗೇ ಉಳಿದಿದೆ.